ಮಡಚಿದ ಮೇಲೂ ಅದು ಸೈಕಲ್ಲೇ

ಈ ಸಲ ಊರಿಗೆ ಬರುವಾಗ ವಿಮಾನದ ಸಾಮಾನಿನ ಜೊತೆಗೆ ನನ್ನ ಮಡಚುವ ಸೈಕಲ್ಲನ್ನೂ ತಂದಿದ್ದೆ. ಬೆಂಗಳೂರಿನಲ್ಲಿ ಚಿಕ್ಕಪ್ಪನ ಮನೆ ದೊಡ್ಡ ಅಪಾರ್ಟ್‌ಮೆಂಟೊಂದರ ಮೇಲಿನ ಮಹಡಿಯಲ್ಲಿದೆ. ಗೇಟಿನ ಹೊರಗೇ ಇಳಿದು, ಸೈಕಲ್ಲನ್ನು ಮಡಚಿ, ಅದರ ಚೀಲದೊಳಗಿಟ್ಟು, ಭುಜಕ್ಕೆ ಹಾಕಿಕೊಂಡು ಲಿಫ್ಟಿನ ಮುಂದೆ ನಿಂತಿದ್ದೆ. ಅಷ್ಟರಲ್ಲಿ ಸೆಕ್ಯುರಿಟಿಯವರು ಓಡಿಬಂದು, “ಸರ್, ಸೈಕಲ್ ಮೇಲಕ್ಕೆ ತಗೊಂಡು ಹೋಗೋ ಹಾಗಿಲ್ಲ, ಬೇಸ್‌ಮೆಂಟಲ್ಲಿ ಇಟ್ಟು ಬನ್ನಿ” ಎಂದರು. ಇದು ಈಗ ಚೀಲವಲ್ಲವೇ ಎಂದು ಕೇಳಿದೆ. “ಒಳಗಡೆ ಇರೋದು ಸೈಕಲ್ಲೇ ತಾನೆ ಸರ್?” ಎಂದರು. ಅದೇ ಹೊತ್ತಿಗೆ ಪ್ರವಾಸ ಮುಗಿಸಿ ಬಂದ ಕುಟುಂಬವೊಂದು ದೊಡ್ಡ ದೊಡ್ಡ ಸೂಟ್‌ಕೇಸುಗಳನ್ನು ಉರುಳಿಸಿಕೊಂಡು ಅದೇ ಲಿಫ್ಟಿಗೆ ಹತ್ತಿತು. ಆ ಪೈಕಿ ಒಂದರಲ್ಲಿ ನನ್ನ ಸೈಕಲ್ಲನ್ನು ಇಟ್ಟು, ಉಳಿದ ಜಾಗದಲ್ಲಿ ಚಿಕ್ಕಮ್ಮನಿಗೆ ತಂದ ಸೀರೆಗಳನ್ನೂ ತುಂಬಬಹುದಿತ್ತು. ಸೆಕ್ಯುರಿಟಿಯವರ ಮೇಲೆ ನನಗೆ ಸಿಟ್ಟಿಲ್ಲ. ಅಸೋಸಿಯೇಶನ್ನಿನವರು ಹೇಳಿದ್ದನ್ನು ಅವರು ಮಾಡಿದರು, ಅಷ್ಟೇ.

ಆದರೂ ಆ ಮಾತು ಚುಚ್ಚಿತು. ಲಂಡನ್ನಿನಲ್ಲಿ ನನ್ನ ದಿನಚರಿಯೆಲ್ಲ ನಿಂತಿರುವುದು, ಮಡಚಿದ ಸೈಕಲ್ಲು ಸೈಕಲ್ಲಲ್ಲ, ಸಾಮಾನು ಎಂದು ಎಲ್ಲರೂ ಒಪ್ಪಿಕೊಂಡಿರುವುದರ ಮೇಲೆ. ನಾನು ಇರುವುದು ಸರ್‌ಬಿಟನ್ನಿನಲ್ಲಿ. ಅಲ್ಲಿಂದ ವಾಟರ್‌ಲೂ ನಿಲ್ದಾಣದವರೆಗೆ ರೈಲು. ಅಲ್ಲಿ ಸೈಕಲ್ಲನ್ನು ಬಿಚ್ಚಿ, ಬ್ಲ್ಯಾಕ್‌ಫ್ರೈಯರ್ಸ್ ಸೇತುವೆಯ ಮೇಲೆ ಸೈಕಲ್ಲುಗಳಿಗೆಂದೇ ಬೇರ್ಪಡಿಸಿದ ದಾರಿಯಲ್ಲಿ ಥೇಮ್ಸ್ ನದಿಯನ್ನು ದಾಟಿ, ಫ್ಯಾರಿಂಗ್‌ಡನ್ ಕಡೆಗಿರುವ ಕಚೇರಿಗೆ ಹೋಗುತ್ತೇನೆ. ಬ್ರಿಟನ್ನಿನ ರೈಲುಗಳಲ್ಲಿ ಇಪ್ಪತ್ತು ಅಂಗುಲ ಅಥವಾ ಅದಕ್ಕಿಂತ ಚಿಕ್ಕ ಚಕ್ರದ ಸೈಕಲ್ಲನ್ನು ಪೂರ್ತಿ ಮಡಚಿದರೆ ಅದಕ್ಕೆ ಬೇರೆ ಟಿಕೆಟ್ಟಾಗಲಿ ಕಾಯ್ದಿರಿಸುವಿಕೆಯಾಗಲಿ ಬೇಕಿಲ್ಲ. ಲಂಡನ್ನಿನ ಸುರಂಗ ರೈಲಿನಲ್ಲಿ ಸಾಮಾನ್ಯ ಸೈಕಲ್ಲಿಗೆ ಕೆಲಸದ ದಿನಗಳಂದು ಬೆಳಿಗ್ಗೆ 7.30ರಿಂದ 9.30ರವರೆಗೆ, ಸಂಜೆ 4ರಿಂದ 7ರವರೆಗೆ ಪ್ರವೇಶವಿಲ್ಲ. ಮಡಚಿದ ಸೈಕಲ್ಲಿಗೆ ಹೊತ್ತಿನ ಕಟ್ಟಳೆಯೇ ಇಲ್ಲ. 2025ರ ಮಾರ್ಚ್ 31ರಿಂದ ಬ್ಯಾಟರಿಯ ಬೆಂಕಿಗೆ ಹೆದರಿ ಎಲೆಕ್ಟ್ರಿಕ್ ಸೈಕಲ್ಲುಗಳನ್ನು ಆ ರೈಲುಗಳಿಂದ ಹೊರಗಿಟ್ಟಾಗಲೂ ಮಡಚುವಂಥವನ್ನು ಒಳಗೆ ಬಿಟ್ಟುಕೊಂಡರು. ಹೀಗೆ, ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತು ಬಾಗಿ ಸೈಕಲ್ಲನ್ನು ಮಡಚುವ ಅರ್ಧ ನಿಮಿಷದಲ್ಲಿ ಒಂದು ವಾಹನವು ಸಾಮಾನಾಗಿಬಿಡುತ್ತದೆ, ಸವಾರನು ಎಲ್ಲರಂತೆ ಒಬ್ಬ ಪ್ರಯಾಣಿಕನಾಗಿಬಿಡುತ್ತಾನೆ.

ನನ್ನದು ಬ್ರಾಂಪ್ಟನ್. ಅದನ್ನು ಮಡಚುವ ಕ್ರಮವನ್ನು ನೋಡದವರಿಗೆ ಹೇಳುವುದು ಸ್ವಲ್ಪ ಕಷ್ಟವೇ. ಮೊದಲು ಸೀಟಿನ ಹಿಂಭಾಗವನ್ನು ಹಿಡಿದು ಮೇಲೆತ್ತಿದರೆ ಹಿಂದಿನ ಚಕ್ರ ತನ್ನ ಕೀಲಿನ ಮೇಲೆ ಮುಂದಕ್ಕೆ ಮಗುಚಿ ಹೊಟ್ಟೆಯಡಿಗೆ ಸೇರುತ್ತದೆ. ಸೈಕಲ್ಲು ಕುಕ್ಕರುಗಾಲಿನಲ್ಲಿ ಕೂತುಬಿಡುತ್ತದೆ. ಆಮೇಲೆ ನಡುವಿನ ತಿರುಪನ್ನು ಸಡಿಲಿಸಿ ಮುಂದಿನ ಚಕ್ರವನ್ನು ಹಿಂದಿನದರ ಪಕ್ಕಕ್ಕೆ ತಂದರೆ, ಅಲ್ಲಿರುವ ಸಣ್ಣ ಕೊಕ್ಕೆ ಅದನ್ನು ಕಚ್ಚಿಕೊಳ್ಳುತ್ತದೆ. ಇನ್ನೊಂದು ತಿರುಪನ್ನು ಬಿಚ್ಚಿದರೆ ಹ್ಯಾಂಡಲ್ಲು ತಾನಾಗಿ ಕೆಳಕ್ಕೆ ಬೀಳುತ್ತದೆ. ಕಡೆಗೆ ಸೀಟನ್ನು ಪೂರ್ತಿ ಕೆಳಗೆ ತಳ್ಳಿದಾಗ ಅದರ ಕಂಬವೇ ಅಗಳಿಯಾಗಿ ಇಡೀ ಮಡಿಕೆಯನ್ನು ಬಿಗಿಹಿಡಿಯುತ್ತದೆ. ಎಡಗಡೆಯ ಪೆಡಲನ್ನು ಮಡಚಿದರೆ ಕೆಲಸ ಮುಗಿಯಿತು. ಇದರಲ್ಲಿ ನನಗೆ ತುಂಬ ಹಿಡಿಸಿದ್ದೆಂದರೆ, ಮಡಚಿದಾಗ ಚೈನು ಎರಡು ಚಕ್ರಗಳ ನಡುವೆ ಅಡಗಿಕೊಳ್ಳುವುದು. ಎಣ್ಣೆಜಿಡ್ಡು ನನ್ನ ಪ್ಯಾಂಟಿಗೂ ತಾಗುವುದಿಲ್ಲ, ಪಕ್ಕದಲ್ಲಿ ನಿಂತವರ ಕೋಟಿಗೂ ತಾಗುವುದಿಲ್ಲ. ಸೈಕಲ್ಲು ಇನ್ನೊಬ್ಬರ ಪಕ್ಕದಲ್ಲಿ ನಿಲ್ಲಬೇಕಾದ ವಸ್ತು ಎಂಬುದನ್ನು ಮೊದಲೇ ಯೋಚಿಸಿದವನೊಬ್ಬ ಇದನ್ನು ಮಾಡಿದ್ದಾನೆ.

ಹಾಗೆ ಯೋಚಿಸಿದವರು ಆಂಡ್ರ್ಯೂ ರಿಚಿ. ಎಂಜಿನಿಯರಿಂಗ್ ಓದಿ, ಗಿಡ ಮಾರುವ ಕೆಲಸವನ್ನೂ ಮಾಡಿದ್ದ ಅವರು 1970ರ ದಶಕದ ನಡುವಿನಲ್ಲಿ ಲಂಡನ್ನಿನ ತಮ್ಮ ಫ್ಲ್ಯಾಟಿನಲ್ಲಿಯೇ ಇದರ ಮೊದಲ ಮಾದರಿಗಳನ್ನು ಕಟ್ಟಿದರು. ಕಿಟಕಿಯಿಂದ ಕಾಣುತ್ತಿದ್ದ ಬ್ರಾಂಪ್ಟನ್ ಆರೇಟರಿ ಎಂಬ ಚರ್ಚಿನ ಹೆಸರನ್ನೇ ಸೈಕಲ್ಲಿಗೂ ಇಟ್ಟರು. ದೊಡ್ಡ ಕಂಪನಿಗಳು ಕೈಹಾಕಲು ಒಪ್ಪಲಿಲ್ಲ. ಗೆಳೆಯರಿಂದ ಮುಂಗಡ ಹಣ ಪಡೆದು ಒಂದಿಷ್ಟು ಸೈಕಲ್ಲುಗಳನ್ನು ತಯಾರಿಸಿ, ಪೂರ್ಣಪ್ರಮಾಣದ ಕಾರ್ಖಾನೆಯನ್ನು ಕಾಣಬೇಕಾದರೆ 1988ರವರೆಗೆ ಕಾಯಬೇಕಾಯಿತು. ಆ ಮಡಿಕೆಯ ಮೂಲರೂಪ ಇಂದಿಗೂ ಹೆಚ್ಚೇನೂ ಬದಲಾಗಿಲ್ಲ.

ಕಚೇರಿಯಲ್ಲಿ ನನ್ನ ಸೈಕಲ್ಲು ಮೇಜಿನ ಕೆಳಗೆ ಕಾಲಬಳಿ ಕೂತಿರುತ್ತದೆ. ನನಗಿಂತ ಎರಡು ದರ್ಜೆ ಮೇಲಿರುವವರದೂ ಹಾಗೆಯೇ ಕೂತಿರುತ್ತದೆ. ಆ ಬಗ್ಗೆ ಯಾರೂ ತಮಾಷೆ ಮಾಡುವುದಿಲ್ಲ, ಯಾರೂ ಮೆಚ್ಚುವುದೂ ಇಲ್ಲ. ಅಲ್ಲಿ ಸೈಕಲ್ಲಿನಿಂದ ಮನುಷ್ಯನ ಬಗ್ಗೆ ಏನೂ ತಿಳಿಯುವುದಿಲ್ಲ. 2006ರಲ್ಲಿ ಬಾರ್ಸಿಲೋನಾದಲ್ಲಿ ಶುರುವಾದ ಬ್ರಾಂಪ್ಟನ್ ವಿಶ್ವ ಚಾಂಪಿಯನ್‌ಶಿಪ್ಪಿನ ವೇಷಭೂಷಣದ ನಿಯಮವನ್ನು ಕೇಳಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾದೀತು. ಅಲ್ಲಿ ಕೋಟು, ಕಾಲರಿನ ಅಂಗಿ ಮತ್ತು ಟೈ ಧರಿಸಿಯೇ ಪಂದ್ಯಕ್ಕೆ ಇಳಿಯಬೇಕು. ಮೈಗಂಟುವ ಕ್ರೀಡಾ ಉಡುಪಿಗೆ ಅವಕಾಶವಿಲ್ಲ. ಕೆಲಸಕ್ಕೆ ಹೋಗುವವನ ಸೈಕಲ್ಲು ಇದು ಎಂಬುದನ್ನು ನಗುನಗುತ್ತಲೇ ಹಾಗೆ ಹೇಳಿದ್ದಾರೆ.

ನಮ್ಮಲ್ಲಿ ಆ ನಡುವಿನ ಮನುಷ್ಯನಿಗೇ ಜಾಗವಿಲ್ಲ. ಭಾನುವಾರ ನಸುಕಿನಲ್ಲಿ ಹೆಲ್ಮೆಟ್ಟು, ಬಣ್ಣಬಣ್ಣದ ಬಿಗಿ ಉಡುಪು ಹಾಕಿಕೊಂಡು ನಂದಿಬೆಟ್ಟಕ್ಕೆ ಹೋಗಿ ಬರುವ ಸೈಕಲ್ ಸವಾರನನ್ನು ಎಲ್ಲರೂ ಬಲ್ಲರು. ಅವನ ಆರೋಗ್ಯದ ಕಾಳಜಿಯನ್ನು ಮೆಚ್ಚುತ್ತಾರೆ. ಬೆಳಿಗ್ಗೆ ಪೇಪರ್ ಹಾಕುವ ಹುಡುಗನನ್ನೂ, ಟಿಫಿನ್ ಕ್ಯಾರಿಯರನ್ನು ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಕೆಲಸಕ್ಕೆ ಹೋಗುವ ಗಾರೆಯವರನ್ನೂ ಬಲ್ಲರು. ಅವರನ್ನು ಯಾರೂ ಮೆಚ್ಚಬೇಕಾಗಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗುರುತಿನ ಕಾರ್ಡನ್ನು ಕೊರಳಿಗೆ ಹಾಕಿಕೊಂಡು, ಸೋಮವಾರ ಬೆಳಿಗ್ಗೆ ಸೈಕಲ್ಲಿನಲ್ಲಿ ಆಫೀಸಿಗೆ ಹೊರಟವನನ್ನು ಮಾತ್ರ ಯಾವ ಸಾಲಿಗೆ ಸೇರಿಸಬೇಕೆಂದು ತಿಳಿಯದೆ ನಮ್ಮವರು ಒದ್ದಾಡುತ್ತಾರೆ. ಚಿಕ್ಕಪ್ಪ ನನ್ನ ಸೈಕಲ್ಲಿನ ಬೆಲೆ ಕೇಳಿ, ಪೌಂಡುಗಳನ್ನು ಮನಸ್ಸಿನಲ್ಲೇ ರೂಪಾಯಿಗೆ ಪರಿವರ್ತಿಸಿ, “ಈ ದುಡ್ಡಿಗೆ ಒಂದು ಸ್ಪ್ಲೆಂಡರ್ ಬಂದು ಪೆಟ್ರೋಲಿಗೂ ಮಿಗ್ತಿತ್ತಲ್ಲೋ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ, “ಅಲ್ಲಿ ಎಲ್ಲ ಸರಿಯಾಗಿದೆ ತಾನೆ?” ಎಂದೂ ಕೇಳಿದರು. ನನ್ನ ಕೆಲಸ ಹೋಗಿರಬಹುದೆಂಬ ಅನುಮಾನ ಅವರ ಮುಖದಿಂದ ಮಾರನೆಯ ದಿನದವರೆಗೂ ಪೂರ್ತಿ ಇಳಿದಿರಲಿಲ್ಲ.

ನಾನು ಬೆಳೆದ ಮನೆಯಲ್ಲಿಯೂ ಸೈಕಲ್ಲನ್ನು ಹತ್ತಿದ್ದೇ ಮುಂದೊಂದು ದಿನ ಅದರಿಂದ ಇಳಿಯುವುದಕ್ಕಾಗಿ. ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಮೊಣಕಾಲು ತರಚಿಕೊಂಡವರೆಲ್ಲ ಮೇಷ್ಟರಾದರು, ಗುಮಾಸ್ತರಾದರು, ಕಂತಿನ ಮೇಲೆ ಸ್ಕೂಟರ್ ಕೊಂಡರು. ಸ್ಕೂಟರ್ ಬಂದ ವಾರವೇ ಅಪ್ಪನ ಅಟ್ಲಾಸ್ ಸೈಕಲ್ಲು ಹಾಲಿನವನ ಪಾಲಾಯಿತು. ಆ ವರ್ಷದ ಆಯುಧಪೂಜೆಗೆ ನಿಂಬೆಹಣ್ಣು ಸ್ಕೂಟರಿನ ಚಕ್ರಕ್ಕೆ ಹೋಯಿತು. ಬಿಟ್ಟುಬಂದ ಬಡತನವನ್ನು ಯಾರೂ ಲಿಫ್ಟಿನಲ್ಲಿ ಮನೆಯೊಳಕ್ಕೆ ಕರೆದೊಯ್ಯಲು ಬಯಸುವುದಿಲ್ಲ ಎಂಬುದು ನನಗೂ ಅರ್ಥವಾಗುತ್ತದೆ. ಆದರೆ ಎಪ್ಪತ್ತೋ ಎಂಬತ್ತೋ ಕಿಲೋ ತೂಕದ ಒಬ್ಬ ಮನುಷ್ಯ, ಅವನನ್ನು ಹೊತ್ತ ಒಂದು ಟನ್ ತೂಕದ ಕಾರು, ಆ ಕಾರು ನಿಂತೇ ಇರುವ ಔಟರ್ ರಿಂಗ್ ರಸ್ತೆ, ಇವನ್ನೆಲ್ಲ ದಿನವೂ ನೋಡುತ್ತಲೇ ನಾವು ಅದನ್ನು ಏಳಿಗೆ ಎಂದುಕೊಳ್ಳುತ್ತಿರುವುದು ಮಾತ್ರ ಅರ್ಥವಾಗುವುದಿಲ್ಲ.

ನಿಯಮಗಳಲ್ಲಿಯೂ ಈ ಮನೋಭಾವ ನುಸುಳಿದೆ ಎನಿಸುತ್ತದೆ. ನಮ್ಮ ಮೆಟ್ರೊ 2020ರ ನವೆಂಬರಿನಲ್ಲಿ ಮಡಚುವ ಸೈಕಲ್ಲುಗಳಿಗೆ ಒಪ್ಪಿಗೆ ಕೊಟ್ಟಾಗ ನಾನು ಲಂಡನ್ನಿನಲ್ಲಿ ಕುಳಿತು ಹಿಗ್ಗಿದ್ದೆ. ತೂಕ 15 ಕಿಲೋ ಮೀರಬಾರದು ಎಂದಿದ್ದರು. ಸರಿ, ನನ್ನದು 12 ಕಿಲೋದ ಆಸುಪಾಸಿನಲ್ಲಿದೆ. ಅಳತೆ 60 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ದಪ್ಪವನ್ನು ಮೀರಬಾರದು ಎಂದೂ ಇತ್ತು. ಬ್ರಾಂಪ್ಟನ್ನಿನ ಚಕ್ರ ಹದಿನಾರು ಅಂಗುಲದ್ದು. ಟೈರೂ ಸೇರಿ ಚಕ್ರವೊಂದೇ 40 ಸೆಂಟಿಮೀಟರನ್ನು ದಾಟುತ್ತದೆ. ಅದರ ಸುತ್ತ ಚೌಕಟ್ಟು, ಹ್ಯಾಂಡಲ್ಲು, ಸೀಟು ಎಲ್ಲ ಕೂಡಿದರೆ ಎಷ್ಟೇ ಅಚ್ಚುಕಟ್ಟಾಗಿ ಮಡಚಿದರೂ ಅಗಲವೇ 54 ಸೆಂಟಿಮೀಟರಿಗೆ ಕಡಿಮೆಯಾಗದು. ಮಡಚಿದಾಗ ಅತಿ ಚಿಕ್ಕದಾಗುವ ಸೈಕಲ್ಲುಗಳಲ್ಲಿ ಒಂದೆಂದು ಹೆಸರಾದುದೇ ಈ ಅಳತೆಗೆ ಒಗ್ಗದಿದ್ದರೆ, ಇಪ್ಪತ್ತು ಅಂಗುಲದ ಚಕ್ರದ ಡಾಹನ್ ಮುಂತಾದವುಗಳ ಗತಿಯನ್ನು ಹೇಳಬೇಕಾಗಿಲ್ಲ. ಒಂದು ದೇಶ ಚಕ್ರವನ್ನು ಅಳೆದು ನಿಯಮ ಬರೆಯಿತು, ಇನ್ನೊಂದು ಊರು ಸೂಟ್‌ಕೇಸನ್ನು ಅಳೆದು ಬರೆಯಿತು. ಎರಡನೆಯದನ್ನು ಬರೆದ ಮೇಜಿನ ಬಳಿ ಮಡಚುವ ಸೈಕಲ್ಲೊಂದನ್ನು ತಂದು ನಿಲ್ಲಿಸಿ ನೋಡಿರಲಾರರು ಎಂದೇ ನನ್ನ ಊಹೆ.

ಇಷ್ಟು ದೂರಿದ ಮೇಲೆ ಒಂದೆರಡು ಸಂಗತಿಗಳನ್ನು, ಮನಸ್ಸಿಲ್ಲದಿದ್ದರೂ, ಒಪ್ಪಿಕೊಳ್ಳಬೇಕು. ಲಂಡನ್ನಿನವರು ಸೈಕಲ್ಲನ್ನು ಕಚೇರಿಯೊಳಕ್ಕೆ ತರುವುದು ಅದರ ಮೇಲಿನ ಗೌರವದಿಂದಲ್ಲ, ಕಳ್ಳರ ಭಯದಿಂದ. ಬ್ರಾಂಪ್ಟನ್ನನ್ನು ಹೊರಗೆ ಸರಪಳಿ ಹಾಕಿ ನಿಲ್ಲಿಸಿ ಸಂಜೆಗೆ ಬಂದು ನೋಡುತ್ತೇನೆ ಎನ್ನುವ ಧೈರ್ಯಶಾಲಿಯನ್ನು ನಾನು ಅಲ್ಲಿ ಕಂಡಿಲ್ಲ. ಅಪ್ಪನ ಅಟ್ಲಾಸ್ ಸೈಕಲ್ಲು ಶಾಲೆಯ ಹುಣಸೆಮರಕ್ಕೆ ಒರಗಿಕೊಂಡು, ಹಿಂದಿನ ಚಕ್ರದ ತೆಳುವಾದ ಬೀಗವೊಂದರ ಭರವಸೆಯಲ್ಲಿ ವರ್ಷಗಟ್ಟಲೆ ನಿಂತಿತ್ತು. ಇನ್ನು ಯಾರೂ ಏನೂ ಕೇಳುವುದಿಲ್ಲ ಎಂದು ನಾನು ಹೊಗಳಿದ ಆ ಲಂಡನ್ನಿನ ರೈಲಿನಲ್ಲಿ, ಕಿಕ್ಕಿರಿದ ಹೊತ್ತಿನಲ್ಲಿ ನನ್ನ ಸೈಕಲ್ಲಿನ ಮೂಲೆ ಯಾರದೋ ಮೊಣಕಾಲಿಗೆ ತಗುಲಿದರೆ ಅವರು ಬಾಯಿಬಿಟ್ಟು ಬೈಯುವುದೂ ಇಲ್ಲ, ಸರಿದು ಜಾಗ ಕೊಡುವುದೂ ಇಲ್ಲ. ಬೆಂಗಳೂರಿನಲ್ಲಿ ಆ ಸೆಕ್ಯುರಿಟಿಯವರೇ ಮರುದಿನ ಬೆಳಿಗ್ಗೆ ನಾನು ಬೇಸ್‌ಮೆಂಟಿಗೆ ಹೋದಾಗ, “ಒಂದ್ಸಲ ಬಿಚ್ಚಿ ತೋರಿಸ್ತೀರಾ ಸರ್?” ಎಂದು ಕೇಳಿದರು. ಬಿಚ್ಚಿ ತೋರಿಸುವಷ್ಟರಲ್ಲಿ ಡ್ರೈವರುಗಳು, ಕಸ ಗುಡಿಸುವ ಅಕ್ಕ, ಶಾಲೆಯ ವ್ಯಾನಿಗೆ ಕಾಯುತ್ತಿದ್ದ ಮಕ್ಕಳು ಎಲ್ಲ ಸೇರಿದ್ದರು. ಲಂಡನ್ನಿನಲ್ಲಿ ಇಷ್ಟು ವರ್ಷಗಳಲ್ಲಿ ಈ ಸೈಕಲ್ಲಿನ ನೆಪದಲ್ಲಿ ನನ್ನೊಂದಿಗೆ ಮಾತಾಡಿದವರಿಗಿಂತ ಹೆಚ್ಚು ಜನ ಆ ಒಂದು ಬೆಳಿಗ್ಗೆ ಮಾತಾಡಿದರು.

ಪಂಕ್ಚರಿನ ವಿಷಯದಲ್ಲಂತೂ ನಮ್ಮವರನ್ನು ಮೀರಿಸುವವರಿಲ್ಲ. ಈ ಸೈಕಲ್ಲಿನ ಹಿಂದಿನ ಚಕ್ರವನ್ನು ಕಳಚುವುದೆಂದರೆ ಗೇರಿನ ತಂತಿ, ಚೈನನ್ನು ಎಳೆದುಹಿಡಿಯುವ ಸಾಧನ ಎಲ್ಲವನ್ನೂ ಬಿಚ್ಚಬೇಕು. ಹಾಗಾಗಿ ಲಂಡನ್ನಿನ ಅಂಗಡಿಯವರು ನಾಳೆ ಬನ್ನಿ ಎನ್ನುತ್ತಾರೆ. ಇಲ್ಲಿ ರಸ್ತೆಬದಿಯ ಪಂಕ್ಚರ್ ಅಂಗಡಿಯವರು ಆ ಜಾತಿಯ ಸೈಕಲ್ಲನ್ನು ಮೊದಲ ಸಲ ಕಂಡದ್ದು. ಚಕ್ರವನ್ನು ಕಳಚಲೇ ಇಲ್ಲ. ಸೈಕಲ್ಲನ್ನು ಮಗುಚಿ, ಟೈರಿನ ಒಂದು ಅಂಚನ್ನು ಎಬ್ಬಿಸಿ, ಟ್ಯೂಬನ್ನು ಪಕ್ಕದಿಂದ ಹೊರಗೆಳೆದು, ನೀರಿನ ಬಾಣಲೆಯನ್ನೇ ಮೇಲೆತ್ತಿ ಅದರಲ್ಲಿ ಟ್ಯೂಬನ್ನು ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಿದರು. ಉಜ್ಜಿ, ಸೊಲ್ಯೂಷನ್ ಹಚ್ಚಿ, ಊದಿ, ತೇಪೆ ಒತ್ತಿದರು. ನಾನು ಪಕ್ಕದ ಅಂಗಡಿಯಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಗಾಳಿಯನ್ನೂ ತುಂಬಿ ನಿಲ್ಲಿಸಿದ್ದರು. ಗಾಳಿಯ ದುಡ್ಡು ಬೇಡವೆಂದರು. ಆ ಪಂಕ್ಚರ್ ಆದದ್ದಾದರೂ ಹೇಗೆ? ಅಟ್ಲಾಸಿನ ಇಪ್ಪತ್ತೆಂಟು ಅಂಗುಲದ ಚಕ್ರ ತೇಲಿಕೊಂಡು ದಾಟಿಬಿಡುವ ಹೊಂಡದೊಳಕ್ಕೆ ನನ್ನ ಪುಟ್ಟ ಚಕ್ರ ಪೂರ್ತಿಯಾಗಿ ಇಳಿದುಬಿಡುತ್ತದೆ. ಹಂಪುಗಳ ಮೇಲಂತೂ ಹಲ್ಲು ಕಡಿದುಕೊಂಡೇ ಹೋಗಬೇಕು. ನಮ್ಮ ರಸ್ತೆಗಳಿಗೆ ತಕ್ಕ ಸೈಕಲ್ಲು ಯಾವುದೆಂದು ಅಪ್ಪನ ಕಾಲದವರಿಗೆ ಗೊತ್ತಿತ್ತು.

ಆದ್ದರಿಂದ ಬೆಂಗಳೂರು ಲಂಡನ್ ಆಗಲಿ ಎಂದು ನಾನು ಕೇಳುತ್ತಿಲ್ಲ. ಮೆಟ್ರೊದ ಆ 45ನ್ನು 60 ಮಾಡಿ, 25ನ್ನು 30 ಮಾಡಿದರೆ ಸಾಕು. ಜಯನಗರದವರು ಮನೆಯಿಂದ ನಿಲ್ದಾಣಕ್ಕೆ, ಇಳಿದ ನಿಲ್ದಾಣದಿಂದ ಆಫೀಸಿಗೆ ಆಟೊದವರ ಮರ್ಜಿ ಕಾಯದೆ ಹೋಗಬಹುದು. ಬೆಳಿಗ್ಗೆ ಒಂಬತ್ತು ಗಂಟೆಗೆ ಮೆಜೆಸ್ಟಿಕ್ಕಿನಲ್ಲಿ ಸೈಕಲ್ಲು ಹಿಡಿದು ಹತ್ತಲು ಸಾಧ್ಯವೇ ಎಂದು ಚಿಕ್ಕಪ್ಪ ಕೇಳಿದರು. ಕೈ ಬೀಸಿಕೊಂಡು ಬಂದವರೇ ಎರಡು ರೈಲು ಬಿಟ್ಟು ಮೂರನೆಯದಕ್ಕೆ ನುಗ್ಗುವ ಜಾಗ ಅದು. ಆ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ.