ಒಸಡಿಗೆ ಲೇಸರ್ ಹಿಡಿಸುವ ಮುಂಚೆ

ನಕ್ಕರೆ ಒಸಡು ಕಾಣುತ್ತದೆ ಎಂದು ಫೋಟೋಗೆ ಬಾಯಿ ಬಿಗಿಹಿಡಿದು ನಿಲ್ಲುವವರು ಎಷ್ಟೋ ಜನ. ಅಂಥವರ ಫೋನಿಗೆ ಈಗ ‘ಲೇಸರ್, ಅರ್ಧ ಗಂಟೆ, ಹೊಸ ನಗು’ ಎಂಬ ಜಾಹೀರಾತು ತಾನಾಗೇ ಬರುತ್ತದೆ. ಚಂದ ಕಾಣಬೇಕು ಅನ್ನುವ ಆಸೆಯಲ್ಲಿ ತಪ್ಪೇನಿಲ್ಲ. ಒಸಡು ಕತ್ತರಿಸಿ ಹಲ್ಲು ಉದ್ದ ಕಾಣಿಸುವ ಈ ಆಪರೇಷನ್ ಬಗ್ಗೆಯೂ ನನ್ನ ತಕರಾರಿಲ್ಲ. ತಕರಾರು ಆ ‘ಅರ್ಧ ಗಂಟೆ’ಯ ಮೇಲೆ.

ಒಸಡು ಜಾಸ್ತಿ ಕಾಣುವುದಕ್ಕೆ ಒಸಡೇ ಕಾರಣ ಆಗಿರಬೇಕಿಲ್ಲ. ಕೆಲವರಿಗೆ ಹಲ್ಲು ಪೂರ್ತಿ ಬಂದಿರುತ್ತದೆ, ಆದರೆ ಒಸಡು ಮೇಲೆ ಸರಿಯದೆ ಹಲ್ಲನ್ನು ಮುಚ್ಚಿಕೊಂಡಿರುತ್ತದೆ. ಮೇಲಿನ ಎದುರು ಹಲ್ಲು ಸಾಮಾನ್ಯವಾಗಿ 10–11 ಮಿ.ಮೀ. ಉದ್ದ. ಇವರಲ್ಲಿ ಅದು ಗಿಡ್ಡವಾಗಿ, ಚೌಕವಾಗಿ ಕಾಣುತ್ತದೆ. ಇಂಥವರಿಗೆ ಒಸಡಿನ ಆಪರೇಷನ್ ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ.

ಆದರೆ ಮೇಲ್ದವಡೆಯ ಮೂಳೆಯೇ ಉದ್ದ ಬೆಳೆದಿದ್ದರೆ? ನಕ್ಕಾಗ ತುಟಿಯೇ ಅತಿಯಾಗಿ ಮೇಲೆ ಹೋಗುತ್ತಿದ್ದರೆ? ಆಗ ಒಸಡು ಕತ್ತರಿಸಿದರೆ ಸಿಗುವುದು ಉದ್ದ ಹಲ್ಲಲ್ಲ, ಬಯಲಾದ ಬೇರು. ತಣ್ಣೀರು ತಾಗಿದರೂ ಜುಮ್ ಅನ್ನುತ್ತದೆ. ತುಟಿಯದೇ ಸಮಸ್ಯೆಯಾದರೆ ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಕೊಡುವುದುಂಟು, ಕೆಲವು ತಿಂಗಳಿಗೆ ಅದರ ಪ್ರಭಾವ ಇಳಿಯುತ್ತದೆ. ದವಡೆಯದಾದರೆ ದೊಡ್ಡ ಆಪರೇಷನ್ನೇ ಬೇಕು, ಅದು ಬೇರೆಯೇ ಲೆಕ್ಕ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಅಮ್ಲೋಡಿಪಿನ್ ಕೂಡ ಕೆಲವರ ಒಸಡನ್ನು ಊದಿಸುತ್ತವೆ. ಮಾತ್ರೆ ಹಾಗೇ ಮುಂದುವರಿದರೆ, ಕತ್ತರಿಸಿದ್ದು ಮತ್ತೆ ಬೆಳೆಯಬಹುದು. (ಹಾಗಂತ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ, ಮಾರಾಯ್ರೆ.)

ಜಾಹೀರಾತು ಹೇಳದ ಇನ್ನೊಂದು ವಿಷಯ ಮೂಳೆಯದು. ಹಲ್ಲಿನ ಸುತ್ತ ಒಸಡು ಅಂಟಿಕೊಳ್ಳಲು, ಮೂಳೆಯ ಅಂಚಿನಿಂದಾಚೆ ಸುಮಾರು 2 ಮಿ.ಮೀ. ಜಾಗ ಬೇಕು. 1961ರಲ್ಲೇ ಅಳೆದು ಬರೆದಿಟ್ಟ ಲೆಕ್ಕ ಇದು. ಆ ಜಾಗ ಬಿಡದೆ ಒಸಡನ್ನಷ್ಟೇ ಸುಟ್ಟು ತೆಗೆದರೆ, ಅದು ಮತ್ತೆ ಇಳಿದು ಬರುತ್ತದೆ, ಇಲ್ಲವೇ ಕೆಂಪಾಗಿ ಊದಿಕೊಂಡೇ ಇರುತ್ತದೆ. ಹಾಗಾಗಿ ಎಷ್ಟೋ ಸಲ ಒಸಡನ್ನು ಬಿಡಿಸಿ, ಮೂಳೆ ಸ್ವಲ್ಪ ತೇಯ್ದು, ಹೊಲಿಗೆ ಹಾಕಬೇಕಾಗುತ್ತದೆ. ಒಸಡಿನ ಅಂಚು ಒಂದು ಕಡೆ ನಿಲ್ಲಲು 3ರಿಂದ 6 ತಿಂಗಳು ಬೇಕು. ಹಲ್ಲಿನ ಮೇಲೆ ಕ್ಯಾಪ್ ಅಥವಾ ವೆನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ) ಹಾಕಿಸುವವರು ಅಲ್ಲಿವರೆಗೆ ಕಾಯಲೇಬೇಕು.

ಅಷ್ಟಕ್ಕೂ ಎಷ್ಟು ಕಂಡರೆ ‘ಜಾಸ್ತಿ’? 1999ರಲ್ಲಿ ದಂತವೈದ್ಯ ವಿನ್ಸೆಂಟ್ ಕೊಕಿಚ್ ಮತ್ತು ಸಂಗಡಿಗರು ನಗುವಿನ ಫೋಟೋಗಳನ್ನು ತಿದ್ದಿ ಜನರಿಗೆ ತೋರಿಸಿದರು. ಹಲ್ಲು ಸಾಲು ಸರಿಪಡಿಸುವ ತಜ್ಞರಿಗೆ 2 ಮಿ.ಮೀ. ಒಸಡು ಕಂಡರೇ ಇಷ್ಟವಾಗಲಿಲ್ಲ. ಸಾಮಾನ್ಯ ಜನರಿಗೆ 4 ಮಿ.ಮೀ. ತನಕ ಅದು ಸಮಸ್ಯೆ ಅನ್ನಿಸಲೇ ಇಲ್ಲ! ನಿಮ್ಮ ನಗು ನೋಡುವವರಲ್ಲಿ ತಜ್ಞರು ಎಷ್ಟು ಜನ ಇದ್ದಾರೆ? ಇನ್ನೊಂದು, ವಯಸ್ಸಾಗುತ್ತಾ ಮೇಲ್ತುಟಿ ಜೋಲುತ್ತದೆ, ಒಸಡು ಕಾಣುವುದು ತಾನಾಗೇ ಕಡಿಮೆಯಾಗುತ್ತದೆ. ಇಪ್ಪತ್ತರ ಹುಡುಗ ಹುಡುಗಿಯರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಕಪ್ಪು ಒಸಡನ್ನು ಗುಲಾಬಿ ಮಾಡುವ ದಂಧೆಯಂತೂ ನನಗೆ ಸಿಟ್ಟೇ ತರಿಸುತ್ತದೆ. ಹುಟ್ಟಿನಿಂದ ಇರುವ ಕಪ್ಪು ಬರೀ ಮೆಲನಿನ್, ಅಂದರೆ ಚರ್ಮಕ್ಕೂ ಬಣ್ಣ ಕೊಡುವ ವಸ್ತು, ಕಾಯಿಲೆ ಅಲ್ಲ. ಸುಲಿಸಿಕೊಂಡರೂ ಬಣ್ಣ ಮರಳಿ ಬರುವುದುಂಟು.

ಮಾಡಿಸಿಕೊಳ್ಳಲೇಬೇಕು ಅನ್ನಿಸಿದರೆ ಧಾರಾಳವಾಗಿ ಹೋಗಿ. ಆದರೆ ಡಾಕ್ಟರ್ ಏನು ಮಾಡುತ್ತಾರೆ ಗಮನಿಸಿ. ಒಸಡಿನ ಒಳಗೆ ಸಣ್ಣ ಕಡ್ಡಿ ಇಳಿಸಿ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಎಲ್ಲಿಗೆ ಮುಗಿಯುತ್ತದೆ ಎಂದು ಅಳೆಯಬೇಕು. ಎಕ್ಸ್‌ರೇ ನೋಡಬೇಕು. ನಗಿಸಿ ತುಟಿಯ ಓಟ ನೋಡಬೇಕು. ಯಾವ ಮಾತ್ರೆ ತಗೋತೀರಿ ಎಂದು ಕೇಳಬೇಕು. ಇದ್ಯಾವುದೂ ಇಲ್ಲದೆ ನೇರ ಲೇಸರ್‌ಗೆ ದಿನ ಗೊತ್ತು ಮಾಡಿದರೆ, ನಾನಾದರೆ ಆ ಕುರ್ಚಿಯಿಂದ ಎದ್ದು ಬರುತ್ತೇನೆ.