ಸ್ಪಷ್ಟನೆ: ಉಳುಕಿದ ಕಾಲಿಗೆ ಬಿಸಿ ಎಣ್ಣೆ ತಿಕ್ಕಬೇಡಿ

‘ಕಾಲು ಉಳುಕಿದ ಕೂಡಲೇ ಬಿಸಿ ಎಣ್ಣೆ ಹಾಕಿ ತಿಕ್ಕಿ. ನಡೆಯಲು ಆದರೆ ಮೂಳೆ ಮುರಿದಿಲ್ಲ’ ಎಂಬ ಸಂದೇಶ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ಕಾಫಿ ತೋಟದ ಇಳಿಜಾರಲ್ಲಿ ಜಾರಿ ಪಾದ ಒಳಕ್ಕೆ ಮಡಚಿತು ಅಂದುಕೊಳ್ಳಿ. ಆಗ ಹರಿಯುವುದು ಹರಡಿನ ಹೊರಬದಿಯ ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ. ಊದುತ್ತಿರುವಾಗಲೇ ತಿಕ್ಕಿದರೆ ಊತ ಇನ್ನೂ ಜಾಸ್ತಿ ಆಗಬಹುದು. ಮೊದಲ 2 ದಿನ ಬಟ್ಟೆ ಸುತ್ತಿದ ಐಸ್ ಆಗಾಗ 15–20 ನಿಮಿಷ ಇಡಿ. ಕ್ರೇಪ್ ಬ್ಯಾಂಡೇಜ್ ಕಟ್ಟಿ, ಕಾಲನ್ನು ದಿಂಬಿನ ಮೇಲಿಡಿ.

ಕುಂಟಿಕೊಂಡು ನಡೆದವರಿಗೂ ಮೂಳೆ ಬಿರುಕು ಬಿಟ್ಟಿರುತ್ತದೆ, ಕೆಲವೊಮ್ಮೆ. ಹರಡಿನ ಗಂಟಿನ ಹಿಂದಿನ ಅಂಚು ಒತ್ತಿದರೆ ನೋವೇ? 4 ಹೆಜ್ಜೆ ಇಡಲಾಗುತ್ತಿಲ್ಲವೇ? ಸುಮ್ನೆ ಕೂರದೆ ಎಕ್ಸ್‌ರೇ ಮಾಡಿಸಿ.

ಹಾಕಿ ಆಡುವವರು ನೋವು ಇಳಿದ ಮೇಲೆ ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಂತು ಅಭ್ಯಾಸ ಮಾಡಿ. ಮತ್ತೆ ಉಳುಕುವುದು ಕಡಿಮೆಯಾಗುತ್ತದೆ.