ಸತ್ಯಾಂಶ: ಕೈ ಎತ್ತಿ ಅಳೆದರೆ ಸರಿಯಾದ ಸ್ಕೀ ಸಿಗುತ್ತದಾ?

ಚಳಿಗಾಲ ಬಂತೆಂದರೆ ಶಿವಮೊಗ್ಗ, ಸಾಗರದಿಂದ ಹಿಮದ ಮೇಲೆ ಜಾರಲು ಔಲಿ, ಗುಲ್ಮಾರ್ಗ್‌ಗೆ ಹೊರಡುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಲಹೆ ಸುತ್ತುತ್ತದೆ: ಎತ್ತಿದ ಕೈಯ ಮಣಿಕಟ್ಟು ಮುಟ್ಟುವಷ್ಟು ಉದ್ದದ ಸ್ಕೀ (ಜಾರಲು ಕಾಲಿಗೆ ಕಟ್ಟುವ ಉದ್ದ ಪಟ್ಟಿ) ತಗೊಳ್ಳಿ, ಬೇರೇನೂ ನೋಡಬೇಡಿ.

ಈಗಿನ ಸ್ಕೀಗಳಿಗೆ ಈ ಲೆಕ್ಕ ಸರಿಹೋಗುವುದಿಲ್ಲ. ಹಾಗಂತ ಇದು ಸುಮ್ನೆ ಹುಟ್ಟಿದ್ದೂ ಅಲ್ಲ. ಸ್ಕೀಗಳು ಹೆಚ್ಚುಕಡಿಮೆ ನೇರ ಪಟ್ಟಿಯಂತಿದ್ದ ಕಾಲದಲ್ಲಿ ಅದೇ ರೂಢಿಯಾಗಿತ್ತು. 1990ರ ದಶಕದಲ್ಲಿ ನಡು ಸಣ್ಣ, ತುದಿಗಳು ಅಗಲ ಇರುವ ಆಕಾರ ಜನಪ್ರಿಯವಾಯಿತು. ಇಂಥ ಸ್ಕೀಯನ್ನು ಓರೆ ಮಾಡಿದರೆ ಬಾಗಿದ ಅಂಚೇ ನಿಮ್ಮನ್ನು ತಿರುಗಿಸುತ್ತದೆ. ಹಾಗಾಗಿ ಅಷ್ಟು ಉದ್ದ ಬೇಕಿಲ್ಲ. ಕಲಿಯುವವರಿಗೆ ಗದ್ದದ ಆಸುಪಾಸು ಬಂದರೆ ಸಾಕು.

ಉದ್ದ ಒಂದೇ ಇದ್ದರೂ ಎರಡು ಸ್ಕೀಗಳ ನಡತೆ ಬೇರೆಯಾಗಬಹುದು. ನೀವೇ ನೋಡಿ. ಒಂದು ಜೊತೆಯನ್ನು ತಳಕ್ಕೆ ತಳ ಸೇರಿಸಿ ಹಿಡಿಯಿರಿ. ನಡುವೆ ಸಂದು ಕಂಡರೆ ಅದು ಕ್ಯಾಂಬರ್, ಅಂದರೆ ನಡು ಮೇಲಕ್ಕೆ ಬಾಗಿದೆ; ಅಂಚು ಹಿಮವನ್ನು ಚೆನ್ನಾಗಿ ಕಚ್ಚುತ್ತದೆ. ಮುಂತುದಿಗಳು ಬೇಗನೆ ಅಗಲಿ ಹೋದರೆ ಅದು ರಾಕರ್, ಅಂದರೆ ತುದಿ ಮೇಲಕ್ಕೆ ಬಾಗಿದೆ. ಮೆತ್ತನೆ ಹಿಮದಲ್ಲಿ ತೇಲಲು ಒಳ್ಳೆಯದು, ಆದರೆ ಗಟ್ಟಿ ಹಿಮದಲ್ಲಿ ತಾಗುವ ಅಂಚು ಕಡಿಮೆ. ಸ್ಕೀ ಮೇಲೆ ಮುಂತುದಿ, ನಡು, ಹಿಂತುದಿಯ ಅಗಲದ ಮೂರು ಅಂಕಿಗಳೂ ಅಚ್ಚಾಗಿರುತ್ತವೆ. ನಡುವಿನದು ಸುಮಾರು 80ರಿಂದ 100 ಮಿಲಿಮೀಟರ್ ಇದ್ದರೆ ಸಾಮಾನ್ಯವಾಗಿ ಆಲ್-ಮೌಂಟನ್ ಸ್ಕೀ, ಅಂದರೆ ಬೇರೆಬೇರೆ ಬಗೆಯ ಹಿಮಕ್ಕೆ ಹೊಂದುವಂಥದ್ದು.

ಒಳಗಿನ ಕಟ್ಟು ಕಣ್ಣಿಗೆ ಕಾಣದು, ಕೇಳಬೇಕು. ಮರದ ತಿರುಳಿನ ಜೊತೆ ಲೋಹದ ಹಾಳೆ ಇದ್ದರೆ ವೇಗದಲ್ಲೂ ಅದುರುವುದು ಕಡಿಮೆ. ಆದರೆ ಭಾರ ಜಾಸ್ತಿ, ಹೊಸಬರಿಗೆ ಬಗ್ಗಿಸುವುದು ಕಷ್ಟ.

ಅಂದಹಾಗೆ, ಬಾಡಿಗೆ ಅಂಗಡಿಯಲ್ಲಿ ತೂಕ ಕೇಳಿದರೆ ನಾಚದೆ ನಿಜ ಹೇಳಿ. ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳುವ ಬಿಗಿ ಅದರ ಮೇಲೂ ನಿಂತಿರುತ್ತದೆ.